ಒಂದು ಲೀಟರ್ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು: ಕಾಲರಾ ಶಂಕೆ ಬಂದ ಕೂಡಲೇ ಮನೆಯಲ್ಲಿ ಮಾಡಬೇಕಾದ್ದು

ಊರಲ್ಲಿ ಕಾಲರಾ ಕಾಣಿಸಿಕೊಂಡಿದೆ ಎಂಬ ಸುದ್ದಿ ಇದ್ದಾಗ ಮನೆಯಲ್ಲಿ ಯಾರಿಗಾದರೂ ಅಕ್ಕಚ್ಚಿನಂತೆ ನೀರುನೀರಾದ ಭೇದಿ ಶುರುವಾಯಿತು ಅಂದುಕೊಳ್ಳಿ. ಒಬ್ಬರು ಗಾಡಿಗೆ, ಆಸ್ಪತ್ರೆಗೆ ಫೋನ್ ಮಾಡಲಿ. ಅದೇ ಹೊತ್ತಿಗೆ ಇನ್ನೊಬ್ಬರು ಅಡುಗೆಮನೆಗೆ ಹೋಗಿ ನೀರು ಕಲಸಲಿ. ತೀವ್ರ ಕಾಲರಾದಲ್ಲಿ ದೊಡ್ಡವರ ಮೈಯಿಂದ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೊರಟುಹೋಗಬಹುದು. ಬೆಳಿಗ್ಗೆ ಓಡಾಡಿಕೊಂಡಿದ್ದವರು ಸಂಜೆಗೆ ನಾಡಿ ಸಿಗದ ಸ್ಥಿತಿಗೆ ಬರುವುದು ಹೀಗೆ. ನೀರು, ಲವಣ ಬತ್ತಿದ್ದೇ ಜೀವ ತೆಗೆಯುತ್ತದೆ. ಹೋದಷ್ಟನ್ನು ಬಾಯಿಯ ಮೂಲಕ ವಾಪಸ್ ತುಂಬುತ್ತಾ ಬಂದರೆ ಬಹುಪಾಲು ರೋಗಿಗಳು ಡ್ರಿಪ್ ಇಲ್ಲದೆಯೇ ಚೇತರಿಸಿಕೊಳ್ಳುತ್ತಾರೆ.

ಮೊದಲ ಆಯ್ಕೆ ಒಆರ್‌ಎಸ್ (ಭೇದಿಯಲ್ಲಿ ಹೋದ ನೀರು, ಲವಣ ತುಂಬಲು ನೀರಲ್ಲಿ ಕಲಸಿ ಕುಡಿಸುವ ಪುಡಿ) ಪೊಟ್ಟಣವೇ. ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮನೆಯ ಉಪ್ಪು-ಸಕ್ಕರೆ ನೀರು ಆ ಪೊಟ್ಟಣ ಕೈಗೆ ಬರುವ ತನಕದ, ಆಸ್ಪತ್ರೆ ಮುಟ್ಟುವ ತನಕದ ಆಸರೆ. ಆ ಒಂದೆರಡು ಗಂಟೆಯೇ ಕಾಲರಾದಲ್ಲಿ ತುಂಬಾ ದೊಡ್ಡದು.

ಸಕ್ಕರೆ ಯಾಕೆ ಬೇಕು

ಸಕ್ಕರೆ ಹಾಕುವುದು ರುಚಿಗೋ ಶಕ್ತಿಗೋ ಎಂದು ತಿಳಿದವರೇ ಹೆಚ್ಚು. ಅದಕ್ಕೇ ಕೆಲವರು ಕಡಿಮೆ ಹಾಕುತ್ತಾರೆ, ಕೆಲವರು ಧಾರಾಳವಾಗಿ ಸುರಿಯುತ್ತಾರೆ. ಕಾಲರಾ ರೋಗಾಣು ಬಿಡುವ ವಿಷ ಸಣ್ಣ ಕರುಳಿನ ಒಳಪದರದಿಂದ ಲವಣ, ನೀರು ಹೊರಚೆಲ್ಲುವಂತೆ ಮಾಡುತ್ತದೆ. ಬರೀ ನೀರು ಕುಡಿಸಿದರೆ ಅದೂ ಹಾಗೇ ಸೋರಿಹೋಗುತ್ತದೆ. ಆದರೆ ಆ ವಿಷಕ್ಕೆ ಕೆಡಿಸಲು ಆಗದ ಒಂದು ಬಾಗಿಲು ಕರುಳಲ್ಲಿ ಉಳಿದಿರುತ್ತದೆ: ಸಕ್ಕರೆ ಕರುಳಲ್ಲಿ ಒಡೆದು ಸಿಗುವ ಗ್ಲೂಕೋಸ್ ಒಳಗೆ ಹೋಗುವಾಗ ಜೊತೆಯಲ್ಲಿ ಉಪ್ಪಿನ ಸೋಡಿಯಂ ಎಳೆದುಕೊಂಡು ಹೋಗುತ್ತದೆ, ಆ ಎರಡರ ಬೆನ್ನಿಗೆ ನೀರು ಹೋಗುತ್ತದೆ. ಸಕ್ಕರೆ ಕಡಿಮೆಯಾದರೆ ಉಪ್ಪು ಒಳಗೆ ಹೋಗದು. ಹೆಚ್ಚಾದರೆ ಉಳಿದ ಸಕ್ಕರೆ ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ತಂಪು ಪಾನೀಯ, ಪೊಟ್ಟಣದ ಹಣ್ಣಿನ ರಸ ಕೊಡಬೇಡಿ ಎನ್ನುವುದು ಇದೇ ಕಾರಣಕ್ಕೆ.

ಈ ತಿಳಿವಳಿಕೆ ಪ್ರಯೋಗಾಲಯದಿಂದ ಜನರ ಕೈಗೆ ಬಂದ ಕಥೆ ನಮ್ಮ ದೇಶದ್ದೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಡಾ. ದಿಲೀಪ್ ಮಹಲನಬೀಸ್ ಮತ್ತು ಅವರ ತಂಡ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿ, ನೀರಲ್ಲಿ ಕರಗಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿ 3.6ಕ್ಕೆ ಇಳಿಯಿತು. ಅಲ್ಲಿ ಲೋಟ ಹಿಡಿದು ಕೂತವರು ತಾಯಂದಿರು, ಅಣ್ಣತಮ್ಮಂದಿರು. ಅವರು ಮಾಡಿದ್ದನ್ನು ನಾವೂ ಮಾಡಬಹುದು, ಅಳತೆ ತಪ್ಪದಿದ್ದರೆ.

ಅಳತೆ, ಸ್ವಲ್ಪ ನಿಧಾನವಾಗಿ

ಬೇಕಾದ್ದು ಇಷ್ಟೇ: ಕುಡಿಯಲು ಯೋಗ್ಯವಾದ 1 ಲೀಟರ್ ನೀರು, ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಮಟ್ಟ ಮಾಡಿದ ಅರ್ಧ ಟೀ ಚಮಚ ಪುಡಿ ಉಪ್ಪು. ತಪ್ಪುಗಳೆಲ್ಲ ಈ ಮೂರರ ಅಳತೆಯಲ್ಲೇ ಆಗುತ್ತವೆ.

ಮೊದಲು ನೀರು. ಚೆನ್ನಾಗಿ ಕುದಿ ಬಂದ ಮೇಲೆ ಇನ್ನೂ ಒಂದು ನಿಮಿಷ ಕುದಿಸಿ, ಮುಚ್ಚಿ ಆರಿಸಿ. ಅಳೆಯುವುದು ಆರಿದ ಮೇಲೆ. ಕುದಿಸುವಾಗ ಒಂದಷ್ಟು ಆವಿಯಾಗಿರುತ್ತದೆ, ಆದ್ದರಿಂದ ಲೀಟರಿಗಿಂತ ಹೆಚ್ಚೇ ಒಲೆಗಿಡಿ. ತಂಬಿಗೆ, ಚೊಂಬು ನಂಬಬೇಡಿ, ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಅಂಗಡಿಯ ಕುಡಿಯುವ ನೀರಿನ 1 ಲೀಟರ್ ಬಾಟಲಿ ಒಳ್ಳೆಯ ಅಳತೆ. ತಂಪು ಪಾನೀಯದ ಬಾಟಲಿಯಾದರೆ ಚೀಟಿ ಓದಿ, 750 ಮಿಲಿಲೀಟರ್‌ನದೂ ಇರುತ್ತದೆ. ಕುದಿಸಲು ಸೌದೆಯೂ ಇಲ್ಲ, ಗ್ಯಾಸೂ ಇಲ್ಲ ಎಂದಾದರೆ ಕ್ಲೋರಿನ್ ಮಾತ್ರೆ ಹಾಕಿ: 0.5 ಗ್ರಾಂ ಮಾತ್ರೆ 20 ಲೀಟರ್ ತಿಳಿನೀರಿಗೆ, ಅರ್ಧ ಗಂಟೆ ಬಿಟ್ಟು ಬಳಸಬೇಕು. ಅದೂ ಇಲ್ಲದಿದ್ದರೆ ಸಿಕ್ಕಿದ್ದರಲ್ಲೇ ಅತ್ಯಂತ ಶುದ್ಧವಾದ ನೀರಲ್ಲಿ ಕಲಸಿ ಕೊಡಿ. ಶುದ್ಧ ನೀರು ಸಿಗಲಿ ಎಂದು ಕಾಯುತ್ತಾ ರೋಗಿಯನ್ನು ಒಣಗಲು ಬಿಡುವುದು ಇನ್ನೂ ಅಪಾಯ.

ಇನ್ನು ಚಮಚ. ಮನೆಯ ಚಮಚಗಳಲ್ಲಿ 3 ಮಿಲಿಲೀಟರ್‌ನದೂ ಇದೆ, 7ರದೂ ಇದೆ. ಕೆಮ್ಮಿನ ಸಿರಪ್ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ 5 ಮಿಲಿಲೀಟರ್ ಗೆರೆ ಇರುತ್ತದೆ. ತೊಳೆದು ಒಣಗಿಸಿದ ಆ ಮುಚ್ಚಳಕ್ಕಿಂತ ನಂಬಿಕಸ್ತ ಅಳತೆ ಮನೆಯಲ್ಲಿ ಇನ್ನೊಂದಿಲ್ಲ. ಸಕ್ಕರೆಗೆ 5ರ ಗೆರೆ ಆರು ಸಲ. ಉಪ್ಪಿಗೆ 2.5ರ ಗೆರೆ ಒಂದೇ ಸಲ. ಚಮಚದಲ್ಲೇ ಅಳೆಯುವುದಾದರೆ ತುಂಬಿ, ಚಾಕುವಿನ ಬೆನ್ನಿನಿಂದ ಮೇಲಿನ ಗುಡ್ಡೆ ಸವರಿ ಕೆಡವಿ. ಅರ್ಧ ಬೇಕಾದಾಗ ಮಟ್ಟ ಮಾಡಿದ ಉಪ್ಪಿನ ನಡುವೆ ಚಾಕುವಿನಿಂದ ಉದ್ದಕ್ಕೆ ಗೆರೆ ಎಳೆದು ಅರ್ಧವನ್ನು ಹೊರಗೆ ತಳ್ಳಿ. ಗುಡ್ಡೆ ಚಮಚದಲ್ಲಿ ಮಟ್ಟದ ಚಮಚದ ಹತ್ತಿರ ಹತ್ತಿರ ಎರಡರಷ್ಟು ಉಪ್ಪು ಕೂರುತ್ತದೆ, ಆ ಗುಡ್ಡೆಯೇ ಮಗುವಿಗೆ ಅಪಾಯ. ಕಲ್ಲುಪ್ಪು ಬೇಡ. ಹರಳುಗಳ ನಡುವೆ ಸಂದು ಇರುವುದರಿಂದ ಅಳತೆ ಸಿಗುವುದಿಲ್ಲ. ಕಲ್ಲುಪ್ಪು ಮಾತ್ರ ಇದ್ದರೆ ಒರಳಲ್ಲೋ ಮಿಕ್ಸಿಯಲ್ಲೋ ನುಣ್ಣಗೆ ಪುಡಿ ಮಾಡಿ ಅಳೆಯಿರಿ.

ಕೈ ತೊಳೆದು, ನೀರಿಗೆ ಮೊದಲು ಉಪ್ಪು ಹಾಕಿ ಕರಗಿಸಿ. ಸಕ್ಕರೆ ಬೀಳುವ ಮುಂಚೆಯೇ ಒಂದು ತೊಟ್ಟು ನಾಲಿಗೆಗೆ ಇಟ್ಟು ನೋಡಿ. ಕಣ್ಣೀರಿಗಿಂತ ಉಪ್ಪು ಅನ್ನಿಸಿದರೆ ಅದನ್ನು ಚೆಲ್ಲಿ ಹೊಸದಾಗಿ ಮಾಡಿ, ನೀರು ಸೇರಿಸಿ ಸರಿಮಾಡುವ ಅಂದಾಜಿಗೆ ಹೋಗಬೇಡಿ. ಉಪ್ಪು ಮಿತಿಮೀರಿದರೆ ರಕ್ತದಲ್ಲಿ ಸೋಡಿಯಂ ಏರಿ ಮಕ್ಕಳಿಗೆ ಫಿಟ್ಸ್ ಬರುವ ಅಪಾಯವಿದೆ. ಆಮೇಲೆ ಸಕ್ಕರೆ ಹಾಕಿ ತಳದಲ್ಲಿ ಒಂದು ಕಾಳೂ ಉಳಿಯದಂತೆ ಕಲಕಿ. ಕಲಸಿದ ಮೇಲೆ ಮತ್ತೆ ಕುದಿಸಬಾರದು, ನೀರು ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ. ಮುಚ್ಚಿಡಿ. 24 ಗಂಟೆ ಕಳೆದದ್ದನ್ನು ಚೆಲ್ಲಿ.

ಸಕ್ಕರೆ ಇಲ್ಲದ ಮನೆಯಲ್ಲಿ ಬೆಲ್ಲ ನಡೆಯುತ್ತದೆ, ಅದರಲ್ಲಿ ಒಂದಿಷ್ಟು ಪೊಟ್ಯಾಸಿಯಂ ಕೂಡ ಇರುತ್ತದೆ. ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ ಒಂದು ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ಕಲಿಸಿದ್ದು ಬೆಲ್ಲದ ನೀರನ್ನೇ: ಅರ್ಧ ಸೇರು ನೀರು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ತಾಯಂದಿರು ಕಲಸಿದ್ದರ ಮಾದರಿ ತಂದು ಉಪ್ಪಿನ ಅಂಶ ಪರೀಕ್ಷಿಸುತ್ತಿದ್ದರು, ತಾಯಿ ಎಷ್ಟು ನೆನಪಿಟ್ಟುಕೊಂಡಿದ್ದಾಳೆ ಎಂಬುದರ ಮೇಲೆ ಕಾರ್ಯಕರ್ತೆಯ ಸಂಬಳ ನಿಂತಿತ್ತು. ಅಷ್ಟು ತರಬೇತಿ ಇದ್ದಾಗ ಚಿಟಿಕೆ ಸರಿ. ತರಬೇತಿ ಇಲ್ಲದ ಕೈಗೆ ಚಮಚವೇ ಕ್ಷೇಮ.

ಪೊಟ್ಟಣ ಸಿಕ್ಕಿತು ಅಂದುಕೊಳ್ಳಿ

ಅಂಗಡಿಯಲ್ಲಿ ಎರಡು ಗಾತ್ರ ಸಿಗುತ್ತದೆ. ಸುಮಾರು 21 ಗ್ರಾಂನ ದೊಡ್ಡದು 1 ಲೀಟರಿಗೆ, 4 ಗ್ರಾಂ ಚಿಲ್ಲರೆಯ ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡ ಪೊಟ್ಟಣದಿಂದ ದಿನವಿಡೀ ಲೋಟಕ್ಕೆ ಒಂದೊಂದು ಚಮಚ ಹಾಕಿ ಕೊಡುವುದು, ಅಥವಾ ಇಡೀ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿಯುವುದು, ಇವೆರಡೂ ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯ. ಎರಡೂ ತಪ್ಪು. ಎರಡನೆಯದಂತೂ ಅಪಾಯಕಾರಿ, ಐದು ಪಟ್ಟು ಗಟ್ಟಿಯಾದ ದ್ರಾವಣ ಹೊಟ್ಟೆಗೆ ಹೋಗುತ್ತದೆ. ಪೊಟ್ಟಣ ಒಡೆದರೆ ಅಷ್ಟನ್ನೂ ಅದರ ಮೇಲೆ ಬರೆದಷ್ಟೇ ನೀರಿಗೆ ಒಂದೇ ಸಲ ಕಲಸಿ. ಮೇಲೆ ಬೇರೆ ಉಪ್ಪು, ಸಕ್ಕರೆ, ಜ್ಯೂಸ್ ಸೇರಿಸಬೇಡಿ.

2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ಸೂತ್ರ ಹೀಗಿದೆ: ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಪೊಟ್ಟಣದ ಹಿಂಬದಿಯಲ್ಲಿ ಈ ಅಂಕಿಗಳು ಇವೆಯೇ ನೋಡಿಕೊಳ್ಳಿ. ಸಿದ್ಧ ಪಾನೀಯದ ಡಬ್ಬಿಗಳ ಮೇಲೆ ಒಆರ್‌ಎಸ್ ಎಂದು ಬರೆದು ಸಕ್ಕರೆ ನೀರು ಮಾರುವುದು ಬಹಳ ಕಾಲ ನಡೆದಿತ್ತು. ಈ ಸೂತ್ರಕ್ಕೆ ಹೊಂದದ ಪಾನೀಯದ ಮೇಲೆ ಆ ಹೆಸರು ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಸೂತ್ರದ ಕೊನೆಯ ಎರಡು, ಅಂದರೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್, ಮನೆಯ ಉಪ್ಪು-ಸಕ್ಕರೆ ನೀರಿನಲ್ಲಿ ಇಲ್ಲ. ಸೋಡಿಯಂ ಕೂಡ ಪೊಟ್ಟಣದ್ದಕ್ಕಿಂತ ಕಡಿಮೆ, ಕಾಲರಾದ ಭೇದಿಯಲ್ಲಿ ಹೋಗುವುದು ಅದಕ್ಕಿಂತ ಬಹಳ ಹೆಚ್ಚು. ಹಾಗಂತ ಮನೆಯಲ್ಲಿ ಉಪ್ಪು ಏರಿಸುವಂತಿಲ್ಲ, ಪೊಟ್ಟಣ ಬೇಗ ತರಿಸಬೇಕು. ಪೊಟ್ಯಾಸಿಯಂಗೆ ಬಾಳೆಹಣ್ಣು, ಎಳನೀರು ಜೊತೆಗಿರಲಿ. ಎಳನೀರೊಂದನ್ನೇ ನೆಚ್ಚಿಕೊಳ್ಳಬೇಡಿ, ಅದರಲ್ಲಿ ಸೋಡಿಯಂ ತೀರಾ ಕಡಿಮೆ.

ಗಂಜಿ ನೀರಿನ ದಾರಿ

ಅಕ್ಕಿ ಹಿಟ್ಟಿನಿಂದ ಮಾಡುವ ದ್ರಾವಣ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನೇ ತಗ್ಗಿಸುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಪಿಷ್ಟ ಕರುಳಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತಾ ಹೋಗುವುದರಿಂದ ಒಮ್ಮೆಗೇ ಸಕ್ಕರೆಯ ಹೊರೆ ಬೀಳುವುದಿಲ್ಲ. ಮಾಡುವ ವಿಧಾನ ನಮಗೆ ಹೊಸದೇನಲ್ಲ. 50 ಗ್ರಾಂ ಅಕ್ಕಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಲೀಟರಿಗಿಂತ ತುಸು ಹೆಚ್ಚು ನೀರಿಗೆ ಹಾಕಿ, ತಿರುವುತ್ತಾ ಐದರಿಂದ ಏಳು ನಿಮಿಷ ಕುದಿಸಿ. ಇಳಿಸಿ, ಕುದಿಸಿದ ನೀರು ಸೇರಿಸಿ ಸರಿಯಾಗಿ 1 ಲೀಟರ್ ಮಾಡಿ, ಮಟ್ಟದ ಅರ್ಧ ಚಮಚ ಉಪ್ಪು ಹಾಕಿ. ಸಕ್ಕರೆ ಬೇಡ. ಲೋಟದಿಂದ ಸರಾಗ ಸುರಿಯುವಷ್ಟು ತೆಳ್ಳಗಿರಬೇಕು. ಉಣ್ಣುವ ಗಂಜಿಯ ಹಾಗೆ ಮಂದವಾದರೆ ರೋಗಿ ಕುಡಿಯಲಾರ. ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ, 6 ಗಂಟೆಗೊಮ್ಮೆ ಹೊಸದು ಮಾಡಿ. ಆರು ತಿಂಗಳೊಳಗಿನ ಕೂಸಿಗೆ ಇದು ಬೇಡ.

ಎಷ್ಟು, ಹೇಗೆ ಕುಡಿಸುವುದು

ಇನ್ನೂ ಗಟ್ಟಿಯಾಗಿರುವವರಿಗೆ ಪ್ರತಿ ಭೇದಿಯ ನಂತರ: ಎರಡು ವರ್ಷದೊಳಗೆ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷಕ್ಕೆ 100ರಿಂದ 200, ಅದಕ್ಕೂ ದೊಡ್ಡವರಿಗೆ ಕುಡಿದಷ್ಟು. ಕಣ್ಣು ಗುಳಿಬಿದ್ದು, ಬಾಯಾರಿಕೆಯಿಂದ ಲೋಟ ಕಸಿದು ಕುಡಿಯುವ ಹಂತ ಬಂದಿದ್ದರೆ ಮೊದಲ 4 ಗಂಟೆಯಲ್ಲಿ ತೂಕದ ಕಿಲೋಗೆ 75 ಮಿಲಿಲೀಟರ್. 10 ಕಿಲೋ ಮಗುವಿಗೆ 750 ಮಿಲಿಲೀಟರ್ ಆಯಿತು, 50 ಕಿಲೋದವರಿಗೆ ಪೂರಾ ಮೂರು ಮುಕ್ಕಾಲು ಲೀಟರ್. ಈ ಹಂತದವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಲೇ ಕುಡಿಸಬೇಕು.

ಮಗುವಿಗೆ ಚಮಚದಲ್ಲಿ ಕೊಡಿ, ಬಾಟಲಿಯಲ್ಲಿ ಬೇಡ. ನಿಮಿಷಕ್ಕೊಂದು 5 ಮಿಲಿಲೀಟರ್ ಚಮಚ ಅಂದರೆ ಗಂಟೆಗೆ 300 ಮಿಲಿಲೀಟರ್. ನೋಡಲು ಏನೂ ಅನ್ನಿಸದ ಈ ಚಮಚ 10 ಕಿಲೋ ಮಗುವಿನ ಲೆಕ್ಕಕ್ಕೆ ಸಾಕಷ್ಟಾಯಿತು. ವಾಂತಿಯಾದರೆ ಹತ್ತು ನಿಮಿಷ ಸುಮ್ಮನಿದ್ದು, ಮತ್ತೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಶುರುಮಾಡಿ. ವಾಂತಿಯಾಯಿತೆಂದು ನಿಲ್ಲಿಸಿಬಿಡುವುದೇ ಮನೆಗಳಲ್ಲಿ ಆಗುವ ಅತಿ ದೊಡ್ಡ ತಪ್ಪು. ಕುಡಿಸಿದ್ದರಲ್ಲಿ ಬಹುಪಾಲು ಒಳಗೇ ಉಳಿದಿರುತ್ತದೆ. ಕುಡಿಸಿದ ಮೇಲೂ ಭೇದಿ ನಿಲ್ಲಲಿಲ್ಲ ಎಂದು ಕೈಬಿಡುವವರೂ ಇದ್ದಾರೆ. ಈ ನೀರು ಭೇದಿ ನಿಲ್ಲಿಸುವ ಔಷಧಿಯಲ್ಲ, ಭೇದಿ ತಾನಾಗಿ ನಿಲ್ಲುವವರೆಗೆ ಜೀವ ಹಿಡಿದಿಡುತ್ತದೆ. ಭೇದಿ ಕಟ್ಟುವ ಮಾತ್ರೆ ಕೊಡಬೇಡಿ.

ಢಾಕಾದ ಕಾಲರಾ ಆಸ್ಪತ್ರೆಯಲ್ಲಿ ಮಂಚದ ನಡುವೆ ತೂತು, ಅದರ ಕೆಳಗೆ ಬಕೆಟ್ ಇರುತ್ತದೆ. ಬಕೆಟ್ಟಿನಲ್ಲಿ ಎಷ್ಟು ಬಿತ್ತೋ ಅಷ್ಟನ್ನು ಕುಡಿಸುತ್ತಾರೆ. ಮನೆಯಲ್ಲೂ ಬಕೆಟ್ ಇಟ್ಟರೆ ಅಂದಾಜು ಸಿಗುತ್ತದೆ. ಅದನ್ನು ಬ್ಲೀಚಿಂಗ್ ಪುಡಿ ಹಾಕಿ, ಬಾವಿ, ಬೋರ್‌ವೆಲ್, ಹಳ್ಳದಿಂದ ದೂರವಿರುವ ಪಾಯಿಖಾನೆಗೇ ಸುರಿಯಿರಿ. ಕುಡಿಸುವವರು ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಬೇಕು, ಇಲ್ಲದಿದ್ದರೆ ನಾಳೆ ಹಾಸಿಗೆ ಹಿಡಿಯುವವರು ಅವರೇ.

ಎದೆಹಾಲು ಒಂದು ಹೊತ್ತೂ ನಿಲ್ಲಿಸಬಾರದು. ವಾಂತಿ ತಗ್ಗಿದ ಮೇಲೆ ಮೆತ್ತನೆಯ ಅನ್ನ, ಮೊಸರು, ಬಾಳೆಹಣ್ಣು ಕೊಡಿ, ಹೊಟ್ಟೆ ಕಟ್ಟಬೇಡಿ. ಮಕ್ಕಳಿಗೆ ಆರೋಗ್ಯ ಕೇಂದ್ರದಲ್ಲಿ ಸತುವಿನ (ಜಿಂಕ್) ಮಾತ್ರೆ ಕೊಡುತ್ತಾರೆ: ಆರು ತಿಂಗಳು ಮೇಲ್ಪಟ್ಟವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕೂ ಚಿಕ್ಕವರಿಗೆ 10. ಭೇದಿ ನಿಂತರೂ 14 ದಿನ ಪೂರೈಸಿ.

ಲೋಟ ಕೆಳಗಿಟ್ಟು ಓಡಬೇಕಾದ ಹೊತ್ತು

ಹೊಟ್ಟೆಯ ಮೇಲಿನ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಮಡಿಕೆ ಮಾಡಿ ಹಿಡಿದು ಬಿಡಿ. ಸರಿಯಿರುವ ಮೈಯಲ್ಲಿ ಮಡಿಕೆ ಕೂಡಲೇ ಮಾಯವಾಗುತ್ತದೆ. ಬತ್ತಿದ ಮೈಯಲ್ಲಿ ಗುಡಾರದಂತೆ ಎದ್ದು ನಿಂತು ನಿಧಾನಕ್ಕೆ ಇಳಿಯುತ್ತದೆ. ಎರಡು ಸೆಕೆಂಡಿಗೂ ಹೆಚ್ಚು ನಿಂತರೆ ಡ್ರಿಪ್ ಬೇಕಾದ ಸ್ಥಿತಿ. ಮಂಪರು, ಕುಡಿಯಲು ಆಗದಿರುವುದು, ತಣ್ಣಗಾದ ಕೈಕಾಲು, ಸಿಗದ ನಾಡಿ, ಆರು ಗಂಟೆಯಿಂದ ಮೂತ್ರವಿಲ್ಲದಿರುವುದು, ಬಿಡದ ವಾಂತಿ, ಭೇದಿಯಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಆರು ತಿಂಗಳೊಳಗಿನ ಕೂಸು, ತುಂಬಾ ಸೊರಗಿದ ಮಗು, ಗರ್ಭಿಣಿ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇರುವವರನ್ನು ಈ ಚಿಹ್ನೆಗಳಿಗೆ ಕಾಯದೆ ಕರೆದೊಯ್ಯಿರಿ. ಎಚ್ಚರ ಇರುವವರಿಗೆ ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಭೇದಿ ಶುರುವಾದ ಗಂಟೆ, ಎಷ್ಟು ಸಲ ಆಯಿತು, ಎಷ್ಟು ಲೋಟ ಕುಡಿಸಿದಿರಿ, ಕೊನೆಯ ಸಲ ಮೂತ್ರ ಹೋದದ್ದು ಯಾವಾಗ ಎಂದು ಬರೆದುಕೊಳ್ಳಿ. ಡ್ರಿಪ್ ಎಷ್ಟು ಬೇಗ, ಎಷ್ಟು ಹಾಕಬೇಕು ಎಂದು ನಿರ್ಧರಿಸುವ ವೈದ್ಯರು ಮೊದಲು ಕೇಳುವುದು ಇದನ್ನೇ.