ಬ್ಯಾಕ್ ಒತ್ತಿದರೆ ಎಲ್ಲಿಗೆ ಹೋಗಬೇಕು? ವೆಬ್ ಆ್ಯಪ್‌ನ ನ್ಯಾವಿಗೇಷನ್ ಆರಿಸುವುದು ಹೀಗೆ

ಮುಂಬೈನ ಮಾಟುಂಗಾ, ಚೆಂಬೂರು ಕಡೆಯ ಉಡುಪಿ ಹೋಟೆಲ್‌ಗಳಿಗೆ ನಾನು ವೆಬ್ ಆ್ಯಪ್ ಮಾಡಿಕೊಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರ ಮೊದಲ ಪ್ರಶ್ನೆ: "ಸರ್, ರಿಯಾಕ್ಟ್ ಹಾಕೋಣ್ವಾ?" ರಿಯಾಕ್ಟ್ ಅಂದರೆ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಅದು ಆಮೇಲೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋದಾಗ ಏನೇನು ಹಾಗೇ ಉಳಿಯಬೇಕು, ಅದನ್ನು ಮೊದಲು ಹೇಳಿ.

ಟೇಬಲ್ ಮೇಲಿನ ಕ್ಯೂಆರ್ ಮೆನು ತೆಗೆದುಕೊಳ್ಳಿ. ಗಿರಾಕಿ ಸ್ಕ್ಯಾನ್ ಮಾಡುತ್ತಾನೆ, ದೋಸೆಯ ರೇಟು ನೋಡುತ್ತಾನೆ, ಮುಚ್ಚುತ್ತಾನೆ. ಉಳಿಯಬೇಕಾದ್ದು ಏನೂ ಇಲ್ಲ. ಸರ್ವರ್‌ನಿಂದ ಬರುವ ಸಾದಾ ಪುಟ, ಸಾದಾ ಲಿಂಕ್ ಸಾಕು. ಗಲ್ಲೆಯಲ್ಲಿ ಕೂತ ಶೆಟ್ರು ನೋಡುವ ಲೆಕ್ಕಕ್ಕೂ ಅಷ್ಟೇ. ಪ್ರತಿ ದಿನದ ಲೆಕ್ಕಕ್ಕೆ ಬೇರೆ ವಿಳಾಸ ಇದ್ದರೆ ಅವರು ಅದನ್ನೇ ವಾಟ್ಸಾಪ್‌ನಲ್ಲಿ ಆಡಿಟರ್‌ಗೆ ಕಳಿಸುತ್ತಾರೆ.

ಆರ್ಡರ್ ಬರೆದುಕೊಳ್ಳುವ ಕ್ಯಾಪ್ಟನ್ ಕೈಯಲ್ಲಿರುವ ಟ್ಯಾಬ್ಲೆಟ್ ಮಾತ್ರ ಬೇರೆ ಜಾತಿ. ಅರ್ಧ ಬರೆದ ಆರ್ಡರ್ ಇರುತ್ತದೆ. "ವಡೆ ಖಾಲಿ" ಅಂತ ಅಡುಗೆಮನೆಯಿಂದ ಸುದ್ದಿ ತರುವ ವೆಬ್‌ಸಾಕೆಟ್, ಅಂದರೆ ಸರ್ವರ್ ಜೊತೆ ತೆರೆದೇ ಇರುವ ಸಂಪರ್ಕ, ಇರುತ್ತದೆ. ಪೂರ್ತಿ ಪುಟ ಹೊಸದಾಗಿ ಲೋಡ್ ಆದಾಗಲೆಲ್ಲ ಆ ಸಂಪರ್ಕ ಕಡಿದು ಮತ್ತೆ ಕೂಡಬೇಕು. ಇಂಥ ಕಡೆ ಸಿಂಗಲ್ ಪೇಜ್ ಆ್ಯಪ್ (ಪುಟ ಒಂದೇ, ಒಳಗಿನದನ್ನು ಜಾವಾಸ್ಕ್ರಿಪ್ಟ್ ಬದಲಿಸುತ್ತದೆ) ಸರಿ. ಆದರೂ ಆರ್ಡರನ್ನು ಸೆಷನ್‌ಸ್ಟೋರೇಜ್‌ನಲ್ಲೂ (ಟ್ಯಾಬ್ ಮುಚ್ಚುವವರೆಗೆ ಬ್ರೌಸರ್ ಇಟ್ಟುಕೊಳ್ಳುವ ಜಾಗ) ಇಡಿ. ರಿಫ್ರೆಶ್ ಒತ್ತಿದರೆ ಮೆಮೊರಿಯಲ್ಲಿದ್ದದ್ದು ಹೋಗುತ್ತದೆ.

ಈ ದಾರಿ ಹಿಡಿದಿರೋ, ಬ್ರೌಸರ್ ಪುಕ್ಕಟೆ ಮಾಡುತ್ತಿದ್ದ ಕೆಲಸವೆಲ್ಲ ನಿಮ್ಮ ತಲೆಗೆ. ಪುಟದ ಟೈಟಲ್ ಬದಲಿಸಬೇಕು. ಸ್ಕ್ರೋಲ್ ಎಲ್ಲಿತ್ತು ನೆನಪಿಡಬೇಕು. ಫೋಕಸನ್ನು ಹೊಸ ತಲೆಬರಹಕ್ಕೆ ಒಯ್ಯಬೇಕು, ಇಲ್ಲದಿದ್ದರೆ ಪರದೆ ಓದಿಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಪುಟ ಬದಲಾದದ್ದೇ ಗೊತ್ತಾಗದು.

ಎಲ್ಲಕ್ಕಿಂತ ಜಾಸ್ತಿ ಗೋಳು ಬ್ಯಾಕ್ ಬಟನ್‌ದು. ಬ್ರೌಸರ್‌ನ ಪುಶ್‌ಸ್ಟೇಟ್ ಎಂಬ ಫಂಕ್ಷನ್ ಕರೆದರೆ ಹಿಸ್ಟರಿಗೆ ಹೊಸ ನಮೂದು ಸೇರುತ್ತದೆ. ರಿಪ್ಲೇಸ್‌ಸ್ಟೇಟ್ ಇರುವ ನಮೂದನ್ನೇ ತಿದ್ದುತ್ತದೆ. ಇಡ್ಲಿ ಪಟ್ಟಿಯಿಂದ ದೋಸೆ ಪಟ್ಟಿಗೆ ಹೋದರೆ ಪುಶ್. ಪಟ್ಟಿಯಲ್ಲೇ 'ಜೈನ್' ಫಿಲ್ಟರ್ ಹಾಕಿ ತೆಗೆದರೆ ರಿಪ್ಲೇಸ್. ಅಲ್ಲೂ ಪುಶ್ ಮಾಡಿದರೆ, ಫಿಲ್ಟರ್ ಜೊತೆ ಆಟವಾಡಿದವನು ಹೊರಬರಲು ಬ್ಯಾಕ್ ಒತ್ತುತ್ತಲೇ ಇರಬೇಕು. ಪಾಪ್‌ಅಪ್ ಕಥೆ ಉಲ್ಟಾ. ಆಂಡ್ರಾಯ್ಡ್‌ನಲ್ಲಿ ಅದನ್ನು ಮುಚ್ಚಲು ಜನ ಬ್ಯಾಕ್ ಒತ್ತುತ್ತಾರೆ, ಮೂಲೆಯ ಗುಣಿಸು ಚಿಹ್ನೆಯನ್ನು ಯಾರು ಹುಡುಕುತ್ತಾರೆ? ಹಾಗಾಗಿ ದೊಡ್ಡ ಪಾಪ್‌ಅಪ್ ತೆರೆಯುವಾಗ ಪುಶ್ ಮಾಡಿ, ಬ್ಯಾಕ್ ಒತ್ತಿದಾಗ ಬ್ರೌಸರ್ ಕೊಡುವ ಪಾಪ್‌ಸ್ಟೇಟ್ ಸೂಚನೆ ಬಂದೊಡನೆ ಮುಚ್ಚಿ.

ಲಿಂಕ್‌ಗಳು ನಿಜವಾದ ಆ್ಯಂಕರ್ ಟ್ಯಾಗ್ ಆಗಿರಲಿ, ಒಳಗೆ ವಿಳಾಸ ಇರಲಿ. ಡಿವ್‌ಗೆ (ಲಿಂಕ್ ಅಲ್ಲದ ಸಾದಾ ಡಬ್ಬಿ ಟ್ಯಾಗ್) ಕ್ಲಿಕ್ ಕಟ್ಟಿದರೆ ಒತ್ತಿ ಹಿಡಿದು ಹೊಸ ಟ್ಯಾಬ್‌ನಲ್ಲಿ ತೆರೆಯಲು ಬರುವುದಿಲ್ಲ.

ಒಳಗಿನ ಪುಟದಲ್ಲಿ ರಿಫ್ರೆಶ್ ಮಾಡಿದರೆ 404 (ಪುಟ ಸಿಗಲಿಲ್ಲ) ಬರುತ್ತಿದೆಯಾ? ಆ ವಿಳಾಸ ನಿಮ್ಮ ಜಾವಾಸ್ಕ್ರಿಪ್ಟ್‌ಗೆ ಗೊತ್ತು, ಸರ್ವರ್‌ಗೆ ಗೊತ್ತಿಲ್ಲ. ಆ್ಯಪ್‌ನ ವಿಳಾಸಗಳಿಗೆಲ್ಲ ಮುಖ್ಯ ಎಚ್‌ಟಿಎಂಎಲ್ ಫೈಲನ್ನೇ ಕೊಡುವಂತೆ ಸರ್ವರ್‌ಗೆ ಹೇಳಿ. ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ # ಚಿಹ್ನೆ ಇರುವ ಹ್ಯಾಶ್ ವಿಳಾಸ ಬಳಸಿ. ಹ್ಯಾಶ್ ನಂತರದ ಭಾಗ ಸರ್ವರ್‌ಗೆ ಹೋಗುವುದೇ ಇಲ್ಲ. ಚಂದ ಕಾಣದು, ಕೆಲಸ ನಡೆಯುತ್ತದೆ.

"ಸಾದಾ ಪುಟ ಬದಲಾಗುವಾಗ ಬಿಳಿ ಮಿಂಚುತ್ತೆ" ಅನ್ನುವುದು ಹಳೆಯ ದೂರು. ಈಗ ಬೇರೆ ಬೇರೆ ಪುಟಗಳ ನಡುವೆಯೂ ವ್ಯೂ ಟ್ರಾನ್ಸಿಷನ್ (ಒಂದು ನೋಟ ಮೆಲ್ಲಗೆ ಇನ್ನೊಂದಾಗುವ ಅನಿಮೇಷನ್) ಮಾಡಬಹುದು. ಕ್ರೋಮ್‌ನಲ್ಲಿ ಇದು 2024ರಲ್ಲಿ, 126ನೇ ಆವೃತ್ತಿಯಲ್ಲಿ ಬಂತು. ಎರಡೂ ಪುಟಗಳ ಸಿಎಸ್‌ಎಸ್‌ಗೆ ಒಂದು ಸಣ್ಣ ನಿಯಮ ಸೇರಿಸಿದರೆ ಸಾಕು. ಗೊತ್ತಿಲ್ಲದ ಬ್ರೌಸರ್ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ. ಪುಟಗಳು ಒಂದೇ ಆರಿಜಿನ್‌ನಲ್ಲಿ (ಪ್ರೋಟೋಕಾಲ್, ಹೋಸ್ಟ್, ಪೋರ್ಟ್ ಮೂರೂ ಒಂದೇ) ಇರಬೇಕು, ಅಷ್ಟೇ. ಬರೀ ಅನಿಮೇಷನ್‌ಗಾಗಿ ಸಿಂಗಲ್ ಪೇಜ್ ಆ್ಯಪ್ ಕಟ್ಟುವುದು ನನ್ನ ಪ್ರಕಾರ ದಂಡ.

ಪರೀಕ್ಷೆಯನ್ನು ಆಫೀಸಿನ ವೈಫೈನಲ್ಲಿ ಮಾಡಬೇಡಿ. ಸಂಜೆ ದಾದರ್‌ನಲ್ಲಿ ಲೋಕಲ್ ಹತ್ತಿ, ಒಂದೇ ಕೈಯಲ್ಲಿ ಫೋನ್ ಹಿಡಿದು ನೋಡಿ. ಸಾದಾ ಲಿಂಕ್ ಒತ್ತಿದರೆ ಲೋಡ್ ಆಗುತ್ತಿದೆ ಎಂದು ಬ್ರೌಸರೇ ತೋರಿಸುತ್ತದೆ. ಸಿಂಗಲ್ ಪೇಜ್ ಆ್ಯಪ್‌ನಲ್ಲಿ ನೀವು ತೋರಿಸದಿದ್ದರೆ ಯಾರೂ ತೋರಿಸುವುದಿಲ್ಲ, ಬಳಸುವವನು ಅದೇ ಬಟನ್ನನ್ನು ಮತ್ತೆ ಮತ್ತೆ ಒತ್ತುತ್ತಾನೆ. ಅಡುಗೆಮನೆಗೆ ಒಂದೇ ಮಸಾಲೆ ದೋಸೆಯ ಆರ್ಡರ್ ಎರಡೆರಡು ಸಲ ಹೋಗುವುದು ಹೀಗೇ. ಮೊದಲ ಒತ್ತಿಗೇ ಬಟನ್ ನಿಷ್ಕ್ರಿಯವಾಗಲಿ, ಪಕ್ಕದಲ್ಲಿ "ಕಳಿಸುತ್ತಿದೆ" ಎಂದು ಕಾಣಲಿ.