ಹಳೇ ಕಾರು, ಮನೆಯ ಅಂಗಳ ಮತ್ತು ನಿಂತ ನೀರು

ನಮ್ಮ ಮನೆಗೆ ಮಾರುತಿ 800 ಬಂದದ್ದು 1994ರಲ್ಲಿ. ಈಗಲೂ ಸಾಗರ ಪೇಟೆಗೆ ಅದರಲ್ಲೇ ಹೋಗಿ ಬರುತ್ತೇನೆ. ಮೂರು ಸಿಲಿಂಡರಿನ, 796 ಸಿ.ಸಿ.ಯ ಪುಟ್ಟ ಎಂಜಿನ್ ಅದು. ಎಂಜಿನ್ನಿಗೆ ದೊಡ್ಡ ರಿಪೇರಿ ಅಂತ ಬಂದದ್ದು ಕಡಿಮೆ. ತೊಂದರೆ ಕೊಟ್ಟದ್ದೆಲ್ಲ ತಗಡು. ಎರಡು ಸಲ ಕಾಲಡಿಯ ತಗಡು ತುಕ್ಕು ಹಿಡಿದು ತೂತಾಯಿತು. ಎರಡು ಸಲವೂ ವೆಲ್ಡಿಂಗ್ ಮಾಡಿಸಿ ತೇಪೆ ಹಾಕಿಸಿದೆ. ಮೂರನೇ ಸಲ ತೂತು ಕಂಡಾಗ ನಮ್ಮಣ್ಣನ ಮಗ ಒಂದು ಮಾತು ಹೇಳಿದ. "ಅತ್ತೆ, ಕಾರು ಆಮೇಲೆ ನೋಡೋಣ. ಅದು ನಿಲ್ಲೋ ಜಾಗ ಒಂದ್ಸಲ ನೋಡಿ."

ಹೋಗಿ ನೋಡಿದೆ. ಅಂಗಳದ ನೀರೆಲ್ಲ ಶೆಡ್ಡಿನ ಕಡೆಗೇ ಹರಿಯುತ್ತಿತ್ತು. ಒಳಗೆ ಮಣ್ಣಿನ ನೆಲ, ಮಧ್ಯದಲ್ಲಿ ತಗ್ಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಹಸಿ ನೆಲದ ಮೇಲೆ ನಿಂತಿರುತ್ತಿತ್ತು. ಮೇಲೆ ಮಾಡು ಇದ್ದರೂ ಕೆಳಗಿನಿಂದ ತೇವ ಏರುತ್ತಲೇ ಇತ್ತು. ಅಂಥ ಜಾಗದಲ್ಲಿ ಎಷ್ಟು ತೇಪೆ ಹಾಕಿಸಿದರೂ ಉಳಿಯುತ್ತದೆಯೇ? ಅದಕ್ಕೇ ಹಳೇ ಕಾರು ಇಟ್ಟುಕೊಂಡವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಅಂಗಳದ ವಿಷಯ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹೊರಗೆ ಹೋಗಿ. ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ಎಷ್ಟು ನೋಡಿದರೂ ಅದು ಗೊತ್ತಾಗುವುದಿಲ್ಲ.

ನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಶೆಡ್ಡಿನ ಮಾಡು 10 ಅಡಿಗೆ 16 ಅಡಿ, ಅಂದರೆ ಹತ್ತಿರ ಹತ್ತಿರ 15 ಚದರ ಮೀಟರ್. ಮಲೆನಾಡಿನಲ್ಲಿ ದಿನಕ್ಕೆ 100 ಮಿಲಿಮೀಟರ್ ಮಳೆ ಬರುವುದು ಹೊಸದಲ್ಲ. ಅಂಥ ದಿನ ಆ ಸಣ್ಣ ಮಾಡಿನಿಂದಲೇ 1500 ಲೀಟರ್ ಇಳಿಯುತ್ತದೆ. 200 ಲೀಟರಿನ ಡ್ರಮ್ಮಿನಲ್ಲಿ ಏಳೂವರೆ ಡ್ರಮ್ಮು. ಅಷ್ಟೂ ನೀರು ಸೂರಿನ ಬುಡದಲ್ಲೇ ಬಿದ್ದರೆ ನೆಲ ಹೇಗೆ ಒಣಗೀತು? ನಾವು ಆರಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಸೂರಿನ ಕೆಳಗೆ ಕಟ್ಟಿದೆವು. ಅದರ ನೀರನ್ನು ದೂರದ ಇಂಗುಗುಂಡಿಗೆ ಬಿಟ್ಟೆವು. ಗುಂಡಿಯ ಅಡಿಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮೇಲ್ಗಡೆ ಮರಳು. ಮನೆಯ ಪಾಯದಿಂದ ಹತ್ತು ಅಡಿಯಾದರೂ ದೂರ ಇರಲಿ. ಒಂದು ಎಚ್ಚರಿಕೆ: ಆ ಗುಂಡಿಗೆ ಮಾಡಿನ ನೀರು ಮಾತ್ರ ಹೋಗಬೇಕು. ಕಾರಿನ ಅಡಿಯ ನೀರಿನಲ್ಲಿ ಆಯಿಲ್ ಇರುತ್ತದೆ. ಅದನ್ನು ಇಂಗಿಸಿದರೆ ನಾಳೆ ನಮ್ಮದೇ ಬಾವಿಗೆ ಬರುತ್ತದೆ.

ಆಮೇಲೆ ನೆಲ. ಮಟ್ಟ ನೋಡಲು ದುಬಾರಿ ಸಾಮಾನು ಬೇಡ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಎರಡು ತುದಿ ಹಿಡಿದರೆ ಸಾಕು, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಇರಬಾರದು, ಇದ್ದರೆ ಅಳತೆ ತಪ್ಪುತ್ತದೆ. ಹತ್ತು ಅಡಿಗೆ ಒಂದರಿಂದ ಒಂದೂವರೆ ಇಂಚು ಇಳಿಜಾರು ಕೊಡಿ. ನಾವು ಮಣ್ಣು ದಮ್ಮಸ್ಸು ಮಾಡಿ, ಜಲ್ಲಿ ಹಾಸಿ, ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿದೆವು. ಸಿಮೆಂಟ್ ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು. ಕಲಸುವಾಗ ನೀರು ಜಾಸ್ತಿ ಹಾಕಬೇಡಿ. ಕೆಲಸ ಸಲೀಸಾಗುತ್ತದೆ ಅಂತ ನೀರು ಸುರಿಯುತ್ತಾರೆ, ಆದರೆ ಕಾಂಕ್ರೀಟಿನ ಗಟ್ಟಿತನ ಹೋಗುತ್ತದೆ. ಹಸಿ ಇರುವಾಗಲೇ ಹಿಡಿಕಡ್ಡಿಯಿಂದ ಮೇಲೆ ಗೀರು ಹಾಕಿಸಿ. ಮಳೆಗಾಲದಲ್ಲಿ ಕಾಲು ಜಾರುವುದಿಲ್ಲ. ಮರುದಿನದಿಂದ ಗೋಣಿಚೀಲ ಹಾಸಿ ಕನಿಷ್ಠ ಏಳು ದಿನ ನೀರು ಹಾಕಬೇಕು. ನಾನು 21 ದಿನ ಕಾರು ಹತ್ತಿಸಲೇ ಇಲ್ಲ. ಅವಸರ ಮಾಡಿದ್ದರೆ ಆ ನೆಲ ಈಗ ಬಿರುಕು ಬಿಟ್ಟಿರುತ್ತಿತ್ತು.

ಅಂಗಳದ ಹಾವಸೆಗೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್ಷಿನಿಂದ ತಿಕ್ಕಿದರೆ ಹೋಗುತ್ತದೆ. ಅದರ ಜೊತೆ ಆಸಿಡ್ ಮಾತ್ರ ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ.

ಈಗ ಕಾರಿಗೆ ಬರೋಣ. ನೀರು ನಿಲ್ಲುವ ಜಾಗ ಕಾರಿನಲ್ಲೂ ಇವೆ. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿವೆ. ಗಾಜಿನ ಪಕ್ಕದಿಂದ ಒಳಗೆ ಇಳಿದ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ಧೂಳು ಕೂತು ಅವು ಮುಚ್ಚಿಹೋಗುತ್ತವೆ. ತೆಂಗಿನ ಕಡ್ಡಿ ತೂರಿಸಿ ಬಿಡಿಸಿ. ಮೊದಲ ಸಲ ಬಿಡಿಸಿದಾಗ ನಮ್ಮ ಕಾರಿನ ಒಂದೇ ಬಾಗಿಲಿನಿಂದ ಒಂದು ಚೊಂಬು ನೀರು ಬಂತು! ಮುಂದಿನ ಗಾಜಿನ ಬುಡದಲ್ಲಿ ಎಲೆ ತುಂಬಿದ್ದರೆ ಅದನ್ನೂ ತೆಗೆಯಿರಿ. ಕಾಲಡಿಯ ಮ್ಯಾಟನ್ನು ವಾರಕ್ಕೊಮ್ಮೆ ಎತ್ತಿ ಮುಟ್ಟಿ ನೋಡಿ. ಒದ್ದೆ ಇದ್ದರೆ ಹಳೇ ಪೇಪರ್ ಹಾಸಿ, ಬಾಗಿಲು ತೆರೆದಿಟ್ಟು ಒಣಗಿಸಿ.

ತುಕ್ಕಿನ ಕೆಲಸ ಮಳೆಗಾಲದಲ್ಲಿ ಮಾಡಬೇಡಿ. ಡಿಸೆಂಬರ್, ಜನವರಿಯ ಒಣ ಬಿಸಿಲಿಗೆ ಕಾಯಿರಿ. ಸ್ಕ್ರೂ ಡ್ರೈವರಿನ ಹಿಡಿಯಿಂದ ತಗಡನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ಕೊಳೆತಲ್ಲಿ ಮಂಕು ಸದ್ದು. ತಂತಿ ಬ್ರಷ್ಷಿನಿಂದ ತಿಕ್ಕಿ, ಎಮರಿ ಪೇಪರ್ ಹೊಡೆದು, ಹೊಳೆಯುವ ತಗಡು ಕಾಣುವವರೆಗೆ ಬಿಡಬಾರದು. ಧೂಳು ಒರೆಸಿ ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಿರಿ. ಒಂದು ರಾತ್ರಿ ಹಾಗೇ ಬಿಟ್ಟರೂ ನಮ್ಮ ಕಡೆಯ ಇಬ್ಬನಿಗೆ ಮತ್ತೆ ತುಕ್ಕು ಕೂರುತ್ತದೆ.

ಕಾರು ಎತ್ತುವ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಕೈಯನ್ನೂ ಹಾಕಬಾರದು. ಎತ್ತಿದ ಕಾರಿನ ಭಾರ ಹೊತ್ತು ನಿಲ್ಲುವ ಕಬ್ಬಿಣದ ಜಾಕ್ ಸ್ಟ್ಯಾಂಡ್ ಒಂದು ಜೊತೆ ತೆಗೆದುಕೊಳ್ಳಿ. ನಮ್ಮಲ್ಲಿ ಜಂಬಿಟ್ಟಿಗೆ ಕಲ್ಲು ಕೈಗೆ ಸಿಗುತ್ತದೆ ಅಂತ ಅದನ್ನೇ ಇಡುತ್ತಾರೆ. ಅದು ಭಾರಕ್ಕೆ ಪುಡಿಯಾಗುತ್ತದೆ, ಹೇಳದೇ ಕೇಳದೇ ಕುಸಿಯುತ್ತದೆ. ಇಟ್ಟಿಗೆ, ಹಾಲೋ ಬ್ಲಾಕ್ ಕೂಡ ಬೇಡ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಎತ್ತದ ಚಕ್ರಗಳಿಗೆ ಅಡ್ಡ ಕೊಡಿ. ಮಣ್ಣಿನ ನೆಲವಾದರೆ ಜಾಕಿನ ಕೆಳಗೆ ದಪ್ಪ ಹಲಗೆ ಇರಲಿ. ಹಾಗೆಯೇ ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಿಡಬೇಡಿ. ಆ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದು ಕೊಲ್ಲುತ್ತದೆ.

ಬ್ಯಾಟರಿ ಮತ್ತು ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿನ ಕೆಲಸ ಮನೆಯಲ್ಲೇ ಆಗುತ್ತದೆ. ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಹಿಟ್ಟು ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಕಳಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಆಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಪ್ಲಗ್ ಬಿಚ್ಚಿದಾಗ ಅದರ ಬಣ್ಣ ನೋಡಿ. ತಿಳಿ ಕಾಫಿ ಬಣ್ಣವಿದ್ದರೆ ಎಂಜಿನ್ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಮೊದಲು ಏರ್ ಫಿಲ್ಟರ್ ನೋಡಿ. ಎಣ್ಣೆ ಜಿಡ್ಡಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ. ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿಯೇ ಬಿಚ್ಚಿ ಹಾಕಿ, ಅದಲು ಬದಲಾಗುವುದಿಲ್ಲ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ ಹಳೇ ಕಾರಿಗೆ ಈಗ ಪೆಟ್ರೋಲಿನಿಂದಲೂ ನೀರಿನ ಕಾಟ. ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯಬಹುದು. ಹಳೇ ರಬ್ಬರ್ ಪೈಪುಗಳಿಗೂ ಅದು ಆಗಿಬರುವುದಿಲ್ಲ. ನಾನು ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವ ಹೊಸದಕ್ಕೆ ಬದಲಿಸಿದ್ದೇನೆ. ವಾರಕ್ಕೆ ಒಂದು ದಿನವಾದರೂ ಅರ್ಧ ಗಂಟೆ ಕಾರು ಓಡಿಸುತ್ತೇನೆ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಸೈಲೆನ್ಸರಿನೊಳಗೆ ನೀರು ಉಳಿದು ಅದೂ ತುಕ್ಕು ಹಿಡಿಯುತ್ತದೆ.

ಎಂಜಿನ್ ಆಯಿಲ್ ಬದಲಿಸುವುದು ಕಷ್ಟವಲ್ಲ, ಸುಮಾರು ಮೂರು ಲೀಟರ್ ಬೇಕು. ತೆಗೆದ ಕರೀ ಆಯಿಲನ್ನು ಗೆದ್ದಲು ತಡೆಯಲು ಒಳ್ಳೇದು ಅಂತ ಬೇಲಿ ಗೂಟಗಳಿಗೆ ಬಳಿಯುವವರಿದ್ದಾರೆ. ದಯವಿಟ್ಟು ಬೇಡ. ಮಳೆಗೆ ಅದು ತೊಳೆದು ತೋಟಕ್ಕೆ, ಬಾವಿಗೆ ಇಳಿಯುತ್ತದೆ. ಗೂಟಕ್ಕೆ ಗೇರೆಣ್ಣೆ ಬಳಿಯಿರಿ, ನಮ್ಮ ಹಿರಿಯರು ಮರಕ್ಕೆ ಅದನ್ನೇ ಹಚ್ಚುತ್ತಿದ್ದರು. ಅದು ಚರ್ಮ ಸುಡುತ್ತದೆ, ಕೈಗೆ ಗ್ಲೌಸ್ ಇರಲಿ. ಕರೀ ಆಯಿಲನ್ನು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಇಲಿ ವಯರು ಕಡಿಯದಿರಲಿ ಅಂತ ನಮ್ಮ ಮನೆಯಲ್ಲಿ ಹೊಗೆಸೊಪ್ಪಿನ ಎಸಳನ್ನು ಬಟ್ಟೆಯಲ್ಲಿ ಕಟ್ಟಿ ಬಾನೆಟ್ಟಿನೊಳಗೆ ಇಡುತ್ತೇವೆ. ಎಂಜಿನ್ನಿನ ಹೊಗೆ ಪೈಪಿನ ಬಿಸಿ ತಾಗದ ಮೂಲೆಯಲ್ಲಿಡಿ. ವಾಸನೆ ಹೋದ ಮೇಲೆ ಬದಲಿಸಬೇಕು.

ಬ್ರೇಕಿನ ಕೆಲಸ ಮಾತ್ರ ನಾನು ಮಾಡುವುದಿಲ್ಲ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಕಾದರೆ ಒಳಗಿನ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಅದಕ್ಕೇ ಕಾರು ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲು ಗ್ಯಾರೇಜಿಗೆ ಕೊಡುತ್ತೇನೆ. ಬದಲಿಸಿದ ತಾರೀಕನ್ನು ಸಣ್ಣ ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿಡುತ್ತೇನೆ.