ಅಪಾರ್ಟ್‌ಮೆಂಟ್ ತಾರಸಿಗೆ ಸೋಲಾರ್: ಸಬ್ಸಿಡಿ ಎಷ್ಟು, ಕೆಲಸ ಎಲ್ಲಿಂದ ಶುರು ಮಾಡಬೇಕು

ಸೋಲಾರ್ ಸಬ್ಸಿಡಿ ಅಂದ್ರೆ ಸ್ವಂತ ಮನೆ, ಸ್ವಂತ ತಾರಸಿ ಇರುವವರಿಗೆ ಮಾತ್ರ ಅಂತ ಫ್ಲ್ಯಾಟಿನಲ್ಲಿರುವ ತುಂಬಾ ಜನ ಸುಮ್ಮನಾಗಿಬಿಟ್ಟಿದ್ದಾರೆ. ಹಾಗೇನಿಲ್ಲ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಶುರು ಮಾಡಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳಿಗೆ, ಹೌಸಿಂಗ್ ಸೊಸೈಟಿಗಳಿಗೆ ಬೇರೆಯೇ ಒಂದು ಲೆಕ್ಕ ಇದೆ. ಟಿವಿಯಲ್ಲಿ, ಜಾಹೀರಾತಿನಲ್ಲಿ ಕೇಳುವ 78 ಸಾವಿರ ರೂಪಾಯಿ ಒಂದೊಂದು ಮನೆಗೆ ಸಿಗುವ ಗರಿಷ್ಠ ಮೊತ್ತ. ಅಸೋಸಿಯೇಷನ್‌ಗೆ ಸಿಗುವುದು ಪ್ರತಿ ಕಿಲೋವ್ಯಾಟ್‌ಗೆ 18,000 ರೂಪಾಯಿ. ಲಿಫ್ಟ್, ನೀರಿನ ಮೋಟಾರ್, ಮೆಟ್ಟಿಲ ಲೈಟು, ಪಾರ್ಕಿಂಗ್ ಲೈಟು, ಎಲೆಕ್ಟ್ರಿಕ್ ಗಾಡಿ ಚಾರ್ಜ್ ಮಾಡುವ ಪಾಯಿಂಟು, ಹೀಗೆ ಎಲ್ಲರೂ ಸೇರಿ ಬಳಸುವ ಕರೆಂಟಿಗೆ ಹಾಕುವ ಸೋಲಾರ್‌ಗೆ ಈ ಹಣ.

ಇದಕ್ಕೆ ಮಿತಿಯೂ ಇದೆ. ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ, ಒಟ್ಟು 500 ಕಿಲೋವ್ಯಾಟ್‌ವರೆಗೆ. 30 ಫ್ಲ್ಯಾಟ್ ಇದ್ದರೆ 90 ಕಿಲೋವ್ಯಾಟ್ ಆಯ್ತು. ಅದೇ ಕಟ್ಟಡದಲ್ಲಿ ಯಾರಾದರೂ ತಮ್ಮ ಸ್ವಂತ ಮೀಟರ್‌ಗೆ ಸೋಲಾರ್ ಹಾಕಿಸಿಕೊಂಡಿದ್ದರೆ ಅದೂ ಈ ಮಿತಿಯೊಳಗೇ ಬರುತ್ತದೆ. ಯೋಜನೆ ಇರುವುದು 2026-27ರ ಆರ್ಥಿಕ ವರ್ಷದವರೆಗೆ. ಅಸೋಸಿಯೇಷನ್ ಕೆಲಸ ಯಾವ ವೇಗದಲ್ಲಿ ನಡೆಯುತ್ತದೆ ಅಂತ ಗೊತ್ತಿದ್ದವರಿಗೆ ಇದು ಜಾಸ್ತಿ ಸಮಯ ಅಲ್ಲ.

ಮೊದಲು ಕಾಮನ್ ಮೀಟರ್, ಆಮೇಲೆ ಉಳಿದದ್ದು

ಕರ್ನಾಟಕದ ಅಪಾರ್ಟ್‌ಮೆಂಟ್‌ಗಳಿಗೆ ನಾನು ಹೇಳುವುದು ಇಷ್ಟೇ: ಒಂದೊಂದು ಫ್ಲ್ಯಾಟಿಗೂ ಸೋಲಾರ್ ಹಂಚುವ ಚರ್ಚೆಯನ್ನು ಸದ್ಯಕ್ಕೆ ಬದಿಗಿಡಿ, ಕಾಮನ್ ಮೀಟರ್‌ನಿಂದ ಶುರು ಮಾಡಿ. ಕಾರಣ ಗೃಹಜ್ಯೋತಿ. 200 ಯೂನಿಟ್ ಒಳಗೆ ಬಳಸುವ ಎಷ್ಟೋ ಮನೆಗಳಿಗೆ ಈಗ ಬರುವುದು ಸೊನ್ನೆ ಬಿಲ್ಲು. ಅವರಿಗೆ ಮನೆ ಮೀಟರ್‌ಗೆ ಸೋಲಾರ್ ಹಾಕಿಸಿ ಉಳಿಸಲು ಏನೂ ಇಲ್ಲ. ಆದರೆ ಕಾಮನ್ ಮೀಟರ್‌ಗೆ ಗೃಹಜ್ಯೋತಿ ಇಲ್ಲ, ಪ್ರತಿ ಯೂನಿಟ್‌ಗೂ ದುಡ್ಡು ಕೊಡಲೇಬೇಕು, ಮತ್ತು ಆ ದುಡ್ಡು ಮೇಂಟೆನೆನ್ಸ್ ಹೆಸರಿನಲ್ಲಿ ಎಲ್ಲರ ಜೇಬಿನಿಂದಲೂ ಹೋಗುತ್ತಿದೆ, ಸೊನ್ನೆ ಬಿಲ್ಲಿನವರ ಜೇಬಿನಿಂದಲೂ. ಸಭೆಯಲ್ಲಿ ಹೇಳುವಾಗ ಈ ಮಾತಿನಿಂದಲೇ ಆರಂಭಿಸಿ. ಉಳಿತಾಯ ಎಲ್ಲರಿಗೂ ಹಂಚಿಹೋಗುತ್ತದೆ ಅಂತ ಗೊತ್ತಾದರೆ ಅರ್ಧ ವಿರೋಧ ಅಲ್ಲೇ ಕರಗುತ್ತದೆ.

ಹಾಗಾಗಿ ಮೊದಲ ಕೆಲಸ, ಕಾಮನ್ ಮೀಟರ್‌ನ ಹಿಂದಿನ 12 ತಿಂಗಳ ಬಿಲ್ಲುಗಳನ್ನು ತೆಗೆದು ಮುಂದೆ ಇಟ್ಟುಕೊಳ್ಳುವುದು. ಮೂರು ವಿಷಯ ನೋಡಿ. ತಿಂಗಳಿಗೆ ಎಷ್ಟು ಯೂನಿಟ್ ಖರ್ಚಾಗುತ್ತಿದೆ. ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್. ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ. ಈ ಮೂರನೆಯದರಲ್ಲೇ ಬಹಳ ಕಡೆ ಗಾಡಿ ನಿಂತುಬಿಡುತ್ತದೆ. ಕಟ್ಟಡ ಮುಗಿದು ಎಷ್ಟೋ ವರ್ಷ ಆದರೂ ಕಾಮನ್ ಮೀಟರ್ ಇನ್ನೂ ಬಿಲ್ಡರ್ ಹೆಸರಿನಲ್ಲೇ ಇರುತ್ತದೆ, ಕೆಲವು ಕಡೆ ಜಾಗ ಕೊಟ್ಟ ಮಾಲೀಕರ ಹೆಸರಿನಲ್ಲಿ. ಅರ್ಜಿ ಹಾಕುವವರ ಹೆಸರು, ಬಿಲ್ಲಿನ ಹೆಸರು, ಸಬ್ಸಿಡಿ ಬರಬೇಕಾದ ಬ್ಯಾಂಕ್ ಖಾತೆಯ ಹೆಸರು ಒಂದೇ ಇರಬೇಕು, ಅಂದರೆ ಅಸೋಸಿಯೇಷನ್ ಹೆಸರು. ಇಲ್ಲದಿದ್ದರೆ ಪ್ಯಾನೆಲ್ ಬಗ್ಗೆ ಒಂದು ಮಾತೂ ಆಡುವ ಮೊದಲು ಬೆಸ್ಕಾಂ, ಸೆಸ್ಕ್, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಹೀಗೆ ಎಸ್ಕಾಂ ಅನ್ನುವ ಕರೆಂಟ್ ಕಂಪನಿಗಳಲ್ಲಿ ನಿಮ್ಮದು ಯಾವುದೋ ಅದರ ಉಪವಿಭಾಗ ಕಚೇರಿಗೆ ಹೋಗಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಬಿಲ್ಲಿನಲ್ಲಿ ಟ್ಯಾರಿಫ್ ಗೃಹಬಳಕೆಯದೇ ಅಂತಲೂ ಖಾತ್ರಿ ಮಾಡಿಕೊಳ್ಳಿ, ಯಾಕಂದ್ರೆ ಈ ಸಬ್ಸಿಡಿ ವಸತಿ ಸಂಪರ್ಕಗಳಿಗೆ ಮಾತ್ರ. ಕಟ್ಟಡ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕವೇ ಇನ್ನೂ ನಡೆಯುತ್ತಿದ್ದರೆ ಅದನ್ನೂ ಈಗಲೇ ಸರಿಪಡಿಸಬೇಕು.

ಎಷ್ಟು ದೊಡ್ಡದು ಹಾಕಬೇಕು

ಸಬ್ಸಿಡಿ 90 ಕಿಲೋವ್ಯಾಟ್‌ವರೆಗೆ ಸಿಗುತ್ತದೆ ಅಂತ ಅಷ್ಟೂ ಹಾಕಿಸಬೇಡಿ. ನಿಮ್ಮ ಕಾಮನ್ ಬಳಕೆ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಸಾಕು. ನೆಟ್ ಮೀಟರ್ ಎರಡೂ ಕಡೆ ಎಣಿಸುತ್ತದೆ, ಹಗಲು ನಾವು ಗ್ರಿಡ್‌ಗೆ ಕೊಟ್ಟದ್ದು, ರಾತ್ರಿ ತೆಗೆದುಕೊಂಡದ್ದು. ಕಳೆದು ಉಳಿದದ್ದಕ್ಕೆ ಬಿಲ್ಲು. ಬಳಕೆಗಿಂತ ಹೆಚ್ಚು ಉತ್ಪಾದನೆಯಾದರೆ ಆ ಹೆಚ್ಚುವರಿಗೆ ಎಸ್ಕಾಂ ಹಣ ಕೊಡುತ್ತದೆ ನಿಜ, ಆದರೆ ಆ ದರ ನಾವು ಅವರಿಗೆ ಕೊಡುವ ದರಕ್ಕಿಂತ ಕಡಿಮೆ. ಆದ್ದರಿಂದ ಕರೆಂಟ್ ಮಾರಿ ಲಾಭ ಮಾಡುವ ಲೆಕ್ಕ ಬೇಡ, ನಮ್ಮ ಬಿಲ್ಲು ಇಳಿಸುವ ಲೆಕ್ಕ ಇರಲಿ.

ಬೆಂಗಳೂರಿನ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಹತ್ತಿರ ಕೊಡುತ್ತದೆ. ಮಳೆಗಾಲದಲ್ಲಿ ಇಳಿಯುತ್ತದೆ, ಫೆಬ್ರವರಿ ಮಾರ್ಚಿನಲ್ಲಿ ಏರುತ್ತದೆ. ಒಂದು ಉದಾಹರಣೆ ಹಾಕೋಣ. 30 ಫ್ಲ್ಯಾಟ್, ಕಾಮನ್ ಮೀಟರ್ ತಿಂಗಳಿಗೆ 2,500 ಯೂನಿಟ್ ಆಸುಪಾಸು. ಇವರಿಗೆ 20 ಕಿಲೋವ್ಯಾಟ್ ಸರಿಹೋಗುತ್ತದೆ. ಕಿಲೋವ್ಯಾಟ್‌ಗೆ 60 ಸಾವಿರದಂತೆ ಹಿಡಿದರೆ 12 ಲಕ್ಷ. ಸಬ್ಸಿಡಿ 3 ಲಕ್ಷ 60 ಸಾವಿರ. ಕೈಯಿಂದ ಹೋಗುವುದು 8 ಲಕ್ಷ 40 ಸಾವಿರ, ಅಂದರೆ ಫ್ಲ್ಯಾಟಿಗೆ 28,000. ವರ್ಷಕ್ಕೆ 27,000 ಯೂನಿಟ್ ಬಂದರೆ, ಯೂನಿಟ್‌ಗೆ 6 ರೂಪಾಯಿ ಲೆಕ್ಕದಲ್ಲಿ 1 ಲಕ್ಷ 62 ಸಾವಿರ ಉಳಿತಾಯ. ಐದು ವರ್ಷದ ಸ್ವಲ್ಪ ಆಚೆಗೆ ಹಾಕಿದ ಹಣ ವಾಪಸ್. ಪ್ಯಾನೆಲ್ ಬಾಳಿಕೆ 25 ವರ್ಷ, ನಡುವೆ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ನಮ್ಮ ಬಳಕೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ) ಒಮ್ಮೆ ಬದಲಿಸಬೇಕಾಗಬಹುದು, ಅದಕ್ಕೊಂದಿಷ್ಟು ತೆಗೆದಿಡಿ. ನಿಮ್ಮ ಬಿಲ್ಲು, ನಿಮಗೆ ಸಿಕ್ಕ ಕೊಟೇಶನ್ ಹಾಕಿ ಇದೇ ಲೆಕ್ಕ ಮಾಡಿ ಒಂದೇ ಪುಟದಲ್ಲಿ ಅಸೋಸಿಯೇಷನ್ ಗ್ರೂಪಿಗೆ ಹಾಕಿ. ಫಿಕ್ಸೆಡ್ ಚಾರ್ಜ್ ಮಾತ್ರ ಸೋಲಾರ್ ಹಾಕಿದರೂ ಹೋಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ, ಬಿಲ್ಲು ಸೊನ್ನೆ ಆಗುತ್ತದೆ ಅಂತ ಯಾರಿಗೂ ಆಸೆ ಹುಟ್ಟಿಸಬೇಡಿ.

2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನುಗಳ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೆಯ ಕೊಟೇಶನ್ ಇಟ್ಟುಕೊಂಡು ಕೂತಿದ್ದರೆ ಹೊಸದು ತರಿಸಿ.

ತಾರಸಿ ಹತ್ತಿ ನೋಡಿ

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. 20 ಕಿಲೋವ್ಯಾಟ್‌ಗೆ 2,000. ನಕ್ಷೆ ನೋಡಿ ಜಾಗ ಇದೆ ಅನ್ನಬೇಡಿ. ನಮ್ಮ ತಾರಸಿಗಳಲ್ಲಿ ಏನೇನಿರುತ್ತದೆ ಗೊತ್ತಲ್ವಾ? ಓವರ್‌ಹೆಡ್ ಟ್ಯಾಂಕು, ಲಿಫ್ಟ್ ರೂಮು, ಸಾಲಾಗಿ ಸೋಲಾರ್ ವಾಟರ್ ಹೀಟರ್‌ಗಳು, ಡಿಶ್ ಆಂಟೆನಾ, ಬಟ್ಟೆ ಒಣಗಿಸುವ ತಂತಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ಟ್ಯಾಂಕಿನ ನೆರಳು ಉತ್ತರಕ್ಕೆ ಉದ್ದವಾಗಿ ಚಾಚುತ್ತದೆ. ಏಪ್ರಿಲ್‌ನಲ್ಲಿ ಬಿಸಿಲು ಬೀಳುತ್ತಿದ್ದ ಜಾಗಕ್ಕೇ ಡಿಸೆಂಬರ್‌ನಲ್ಲಿ ನೆರಳು. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಹೋಗಿ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಫೋಟೊ ತೆಗೆದಿಡಿ. ಸಾಲಿನಲ್ಲಿರುವ ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಸೋಲಾರ್ ಹಾಕಿಕೊಡುವ ವೆಂಡರ್ ಬಂದಾಗ ಈ ಫೋಟೊ ತೋರಿಸಿ, ಅವರ ನಕ್ಷೆ ಇದಕ್ಕೆ ಹೊಂದುತ್ತದಾ ಕೇಳಿ.

ಮೇಲಿನ ಮಹಡಿಯವರ ಭಯ ಒಂದೇ, ಸೋರಿಕೆ. ಆ ಭಯ ನ್ಯಾಯವಾದದ್ದು. ಸ್ಟ್ಯಾಂಡಿನ ಕಾಲುಗಳನ್ನು ನೇರವಾಗಿ ಸ್ಲ್ಯಾಬಿಗೆ ಕೊರೆದು ಬೋಲ್ಟ್ ಹಾಕಿದರೆ ವಾಟರ್‌ಪ್ರೂಫಿಂಗ್ ಹಾಳಾಗುತ್ತದೆ. ಬದಲಿಗೆ ತಾರಸಿಯ ಮೇಲೆ ಕಾಂಕ್ರೀಟ್ ಬ್ಲಾಕ್ ಕೂರಿಸಿ, ಅದರ ಭಾರದ ಮೇಲೆ ಸ್ಟ್ಯಾಂಡ್ ನಿಲ್ಲಿಸುವ ವಿಧಾನ ಇದೆ. ಎಷ್ಟು ಭಾರ, ಗಾಳಿಗೆ ತಡೆಯುತ್ತದಾ ಅನ್ನುವುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಬರೆಸಿಕೊಳ್ಳಿ. ಸ್ಟ್ಯಾಂಡನ್ನು ಏಳೆಂಟು ಅಡಿ ಎತ್ತರಕ್ಕೆ ಹಾಕಿಸಿದರೆ ಖರ್ಚು ಜಾಸ್ತಿ, ಆದರೆ ಕೆಳಗೆ ಓಡಾಡಬಹುದು, ಬಟ್ಟೆ ಒಣಗಿಸಬಹುದು, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆಗೂ ಒಂದು ಮೂಲೆ ಉಳಿಸಿಕೊಳ್ಳಬಹುದು. ತಾರಸಿ ಎಲ್ಲರದೂ, ಅದನ್ನು ಪೂರ್ತಿ ಮುಚ್ಚಿ ಬೀಗ ಹಾಕುವ ಯೋಜನೆಗೆ ಜನ ಒಪ್ಪದಿದ್ದರೆ ತಪ್ಪೇನಿಲ್ಲ.

ಸಭೆ ಮತ್ತು ಕಾಗದ

ತಾರಸಿ ಸಾಮಾನ್ಯ ಜಾಗ ಅಂತ ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ, ಅಂದರೆ ಕಟ್ಟಡದಲ್ಲಿ ಯಾವ ಜಾಗ ಯಾರದು ಅಂತ ಬರೆದಿರುವ ದಾಖಲೆಯಲ್ಲಿ, ಇದೆಯಾ ಅಂತ ಮೊದಲು ಓದಿ. ಕೆಲವು ಕಟ್ಟಡಗಳಲ್ಲಿ ತಾರಸಿಯ ಒಂದು ಭಾಗವನ್ನು ಮೇಲಿನ ಫ್ಲ್ಯಾಟಿನವರಿಗೇ ಬರೆದುಕೊಟ್ಟಿರುತ್ತಾರೆ. ಆಮೇಲೆ ಸರ್ವಸದಸ್ಯರ ಸಭೆ ಕರೆದು ನಿರ್ಣಯ ಮಾಡಿ. ನಿರ್ಣಯದಲ್ಲಿ ಇವು ಇರಲಿ: ಎಷ್ಟು ಕಿಲೋವ್ಯಾಟ್, ಹಣ ಕಾರ್ಪಸ್‌ನಿಂದಲೋ (ಸಂಘದ ಕೂಡಿಟ್ಟ ನಿಧಿ) ಫ್ಲ್ಯಾಟಿಗೆ ಇಷ್ಟು ಅಂತ ಸಂಗ್ರಹಿಸಿಯೋ, ಸಹಿ ಹಾಕುವ ಅಧಿಕಾರ ಯಾರಿಗೆ, ಬಂದ ಸಬ್ಸಿಡಿ ಯಾವ ಖಾತೆಗೆ. ವಿದೇಶದಲ್ಲಿರುವ ಮಾಲೀಕರಿಗೆ ಮೊದಲೇ ಮೇಲ್ ಕಳಿಸಿ ಒಪ್ಪಿಗೆ ಬರೆಸಿಕೊಳ್ಳಿ, ಕೊನೆಗೆ ಅವರನ್ನು ಹುಡುಕುವುದು ಕಷ್ಟ. ಬಾಡಿಗೆದಾರರನ್ನೂ ಕೂರಿಸಿಕೊಳ್ಳಿ, ಮೇಂಟೆನೆನ್ಸ್ ಕಟ್ಟುವವರು ಅವರೇ. ಅಸೋಸಿಯೇಷನ್ ನೋಂದಣಿ ಪತ್ರ, ಪ್ಯಾನ್, ಬ್ಯಾಂಕ್ ಖಾತೆಯ ರದ್ದುಪಡಿಸಿದ ಚೆಕ್, ಇತ್ತೀಚಿನ ಕರೆಂಟ್ ಬಿಲ್ಲು, ನಿರ್ಣಯದ ಪ್ರತಿ, ಎಲ್ಲ ಒಂದು ಫೈಲಿನಲ್ಲಿ ಇರಲಿ.

ಕೈಯಲ್ಲಿ ಹಣವೇ ಇಲ್ಲ ಅನ್ನುವ ಸಂಘಗಳಿಗೆ ರೆಸ್ಕೊ ಎಂಬ ಇನ್ನೊಂದು ದಾರಿ ಇದೆ. ಕಂಪನಿಯೇ ಬಂಡವಾಳ ಹಾಕಿ ಸೋಲಾರ್ ಕೂರಿಸುತ್ತದೆ, ನಾವು ಬಳಸಿದ ಯೂನಿಟ್‌ಗೆ ಅವರಿಗೆ ಹಣ ಕೊಡುತ್ತೇವೆ. ಉಳಿತಾಯ ಕಡಿಮೆ, ಒಪ್ಪಂದ ಉದ್ದ. ಐದು ವರ್ಷದಲ್ಲಿ ಹಣ ವಾಪಸ್ ಬರುವ ಕೆಲಸಕ್ಕೆ ಸಂಘವೇ ಹಣ ಹಾಕುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಅರ್ಜಿಯಿಂದ ಸಬ್ಸಿಡಿವರೆಗೆ

ಇಲ್ಲಿ ಕ್ರಮ ತಪ್ಪಬಾರದು. ಮೊದಲು ಪಿಎಂ ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ, ಆಮೇಲೆ ಪ್ಯಾನೆಲ್. ಮೊದಲು ಹಾಕಿಸಿಬಿಡಿ, ಸಬ್ಸಿಡಿ ಆಮೇಲೆ ಮಾಡಿಸಿಕೊಡ್ತೀನಿ ಅನ್ನುವವರ ಮಾತು ಕೇಳಬೇಡಿ.

ಪೋರ್ಟಲ್‌ನಲ್ಲಿ ರಾಜ್ಯ, ಎಸ್ಕಾಂ, ಗ್ರಾಹಕ ಸಂಖ್ಯೆ ಹಾಕಿ ನೋಂದಾಯಿಸಿ. ವೈಯಕ್ತಿಕ ಅಲ್ಲ, ಹೌಸಿಂಗ್ ಸೊಸೈಟಿ ವರ್ಗದಲ್ಲಿ. 2024ರ ನಿಯಮ ತಿದ್ದುಪಡಿ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ. ಅದಕ್ಕಿಂತ ದೊಡ್ಡದಾದರೆ 15 ದಿನದಲ್ಲಿ ಎಸ್ಕಾಂ ಪರಿಶೀಲಿಸಿ ಉತ್ತರ ಕೊಡಬೇಕು. ನಿಮ್ಮ ಮಂಜೂರಾದ ಲೋಡ್‌ಗಿಂತ ದೊಡ್ಡ ಸೋಲಾರ್ ಕೇಳುತ್ತಿದ್ದರೆ ಲೋಡ್ ಹೆಚ್ಚಿಸಿಕೊಳ್ಳುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ವೆಂಡರ್ ಪೋರ್ಟಲ್‌ನಲ್ಲಿ ನೋಂದಾಯಿತರಾಗಿರಲೇಬೇಕು. ಕನಿಷ್ಠ ಮೂರು ಕೊಟೇಶನ್ ತರಿಸಿ. ಬೆಲೆ ಒಂದನ್ನೇ ನೋಡಬೇಡಿ. ಪ್ಯಾನೆಲ್ ಡಿಸಿಆರ್ ಅಂತ ಕೊಟೇಶನ್‌ನಲ್ಲಿ ಬರೆದಿರಬೇಕು, ಅಂದರೆ ಪ್ಯಾನೆಲ್ ಅಷ್ಟೇ ಅಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದು. ಆಮದು ಸೆಲ್ ಇರುವ ಪ್ಯಾನೆಲ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ಹಾಕಿಸಿದರೆ ಸಬ್ಸಿಡಿ ಇಲ್ಲ. ಲಾರಿಯಿಂದ ಇಳಿಸುವ ದಿನವೇ ಪ್ಯಾನೆಲ್ ಹಿಂದಿನ ಸೀರಿಯಲ್ ನಂಬರ್‌ಗಳನ್ನು ಫೋಟೊ ತೆಗೆದುಕೊಳ್ಳಿ, ಸ್ಟ್ಯಾಂಡ್ ಮೇಲೆ ಕೂತ ಮೇಲೆ ಅವು ಕಣ್ಣಿಗೆ ಬೀಳುವುದು ಕಷ್ಟ. ಐದು ವರ್ಷದ ನಿರ್ವಹಣೆ ವೆಂಡರ್ ಜವಾಬ್ದಾರಿ, ಅದು ಒಪ್ಪಂದದಲ್ಲಿ ಇರಲಿ. ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ ಬೇಕಾದರೆ ಅದನ್ನು ಮಾಡಿಸಿಕೊಡುವವರು ಯಾರು, ಖರ್ಚು ಯಾರದು, ಅದೂ ಇರಲಿ. ಹಣವನ್ನು ಕಂತಿನಲ್ಲಿ ಕೊಡಿ, ಕೊನೆಯ ಕಂತು ನೆಟ್ ಮೀಟರ್ ಕೂತು ಚಾಲನೆಯಾದ ಮೇಲೆ.

ಒಂದು ವಿಷಯವನ್ನು ಎಲ್ಲರಿಗೂ ಬಿಡಿಸಿ ಹೇಳಿ. ಬ್ಯಾಟರಿ ಇಲ್ಲದ ಈ ಸೋಲಾರ್, ಕರೆಂಟ್ ಹೋದಾಗ ಇದೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಲಿಫ್ಟಿಗೆ ಜನರೇಟರ್ ಬೇಕೇ ಬೇಕು.

ಕೆಲಸ ಮುಗಿದ ಮೇಲೆ ವೆಂಡರ್ ಪೋರ್ಟಲ್‌ಗೆ ವಿವರ ಏರಿಸುತ್ತಾರೆ, ಎಸ್ಕಾಂನವರು ಬಂದು ನೋಡಿ ನೆಟ್ ಮೀಟರ್ ಕೂರಿಸುತ್ತಾರೆ, ಚಾಲನಾ ವರದಿ ಬರುತ್ತದೆ. ಆಗ ಬ್ಯಾಂಕ್ ವಿವರ ಹಾಕಿ ಸಬ್ಸಿಡಿ ಕೋರಿಕೆ ಸಲ್ಲಿಸಬೇಕು. ಈ ಕೊನೆಯ ಹೆಜ್ಜೆ ತಾನಾಗಿ ಆಗುವುದಿಲ್ಲ, ನೀವೇ ಮಾಡಬೇಕು. ಸಾಮಾನ್ಯವಾಗಿ 30 ದಿನದೊಳಗೆ ಹಣ ಖಾತೆಗೆ ಬರಬೇಕು. ಹಣ ಬರುವುದು ಹೀಗೆ ಕೊನೆಯಲ್ಲಾದ್ದರಿಂದ ಮೊದಲಿಗೆ ಪೂರ್ತಿ 12 ಲಕ್ಷದ ವ್ಯವಸ್ಥೆ ಸಂಘದ ಕಡೆ ಇರಬೇಕು. ಯೋಜನೆಯ ಸಹಾಯವಾಣಿ 15555, ಬೆಸ್ಕಾಂನದು 1912.

ಫ್ಲ್ಯಾಟಿನ ಮೀಟರ್‌ಗೂ ಬೇಕು ಅನ್ನುವವರಿಗೆ

200 ಯೂನಿಟ್ ದಾಟಿ, ಎಸಿ, ಎಲೆಕ್ಟ್ರಿಕ್ ಕಾರು ಅಂತ ದೊಡ್ಡ ಬಿಲ್ಲು ಬರುವ ಮನೆಗಳೂ ಇವೆ. ಅವರಿಗೆ ಸಬ್ಸಿಡಿಯ ಪ್ರತ್ಯೇಕ ಲೆಕ್ಕ: ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ತಾರಸಿಯಲ್ಲಿ ಅವರ ಪಾಲಿನ ಜಾಗಕ್ಕೆ ಅಸೋಸಿಯೇಷನ್ ಒಪ್ಪಿಗೆ ಪತ್ರ ಬೇಕು. ಒಂದೇ ದೊಡ್ಡ ಸೋಲಾರ್‌ನ ಯೂನಿಟ್‌ಗಳನ್ನು ಹಲವು ಫ್ಲ್ಯಾಟ್‌ಗಳ ಬಿಲ್ಲಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್‌ಗೂ ಕೇಂದ್ರದ ಮಾರ್ಗಸೂಚಿಯಲ್ಲಿ ಸಬ್ಸಿಡಿ ಇದೆ. ಆದರೆ ಹಂಚುವ ನಿಯಮ ಮಾಡುವುದು ಆಯಾ ರಾಜ್ಯದ ವಿದ್ಯುತ್ ಆಯೋಗ, ದೆಹಲಿ 2019ರಲ್ಲೇ ಮಾಡಿದೆ. ಇಲ್ಲಿ ಈ ದಾರಿ ಹಿಡಿಯುವ ಮುನ್ನ ನಮ್ಮ ರಾಜ್ಯದ ಆಯೋಗವಾದ ಕೆಇಆರ್‌ಸಿಯ ಇತ್ತೀಚಿನ ಆದೇಶದ ಪ್ರತಿಯನ್ನು ಉಪವಿಭಾಗ ಕಚೇರಿಯಲ್ಲಿ ಕೇಳಿ ಪಡೆದು ಓದಿ.

ತೊಳೆಯುವ ವ್ಯವಸ್ಥೆಯನ್ನು ಮರೆಯಬೇಡಿ. ಧೂಳು, ಪಾರಿವಾಳದ ಹಿಕ್ಕೆ ಕೂತರೆ ಉತ್ಪಾದನೆ ಇಳಿಯುತ್ತದೆ. ತಾರಸಿಯಲ್ಲೊಂದು ನಲ್ಲಿ, ಉದ್ದದ ಪೈಪು, ಮೆತ್ತನೆಯ ಬ್ರಷ್ ಸಾಕು, ಬೆಳಿಗ್ಗೆ ಬಿಸಿಲೇರುವ ಮೊದಲು ತೊಳೆಯಬೇಕು. ಬೋರ್‌ವೆಲ್‌ನ ಗಡಸು ನೀರು ಒಣಗಿ ಬಿಳಿ ಕಲೆ ಉಳಿಸುತ್ತದೆ, ಸಾಧ್ಯವಾದರೆ ಕಾವೇರಿ ನೀರೋ ಸಂಗ್ರಹಿಸಿದ ಮಳೆ ನೀರೋ ಬಳಸಿ. ಇನ್ವರ್ಟರ್ ಆ್ಯಪ್‌ನ ಲಾಗಿನ್ ಸೆಕ್ರೆಟರಿ ಒಬ್ಬರ ಫೋನಿನಲ್ಲಿ ಮಾತ್ರ ಇರುವುದು ಬೇಡ, ಅಸೋಸಿಯೇಷನ್ ಇಮೇಲ್‌ಗೆ ಮಾಡಿಸಿ. ತಿಂಗಳ ಯೂನಿಟ್ಟನ್ನು ಬಿಲ್ಲಿನ ಜೊತೆ ತಾಳೆ ನೋಡಿ ನೋಟಿಸ್ ಬೋರ್ಡಿಗೆ ಹಾಕುತ್ತಾ ಹೋಗಿ.